ಕೈದೀಪದ ಕಾಂತಿಯೂ ಅದರ ವರ್ಣವೂ

ಕೈದೀಪದ ಚರಿತ್ರೆಯನ್ನು ಹೇಳುವವರು ಪ್ರಾಯಶಃ ಅದರ ಕಾಂತಿ ಎಷ್ಟೆಷ್ಟು ಹೆಚ್ಚಿತೆಂಬುದನ್ನೇ ಎಣಿಸುತ್ತ ಹೋಗುವರು. ಆ ಬೆಳಕಿನ ಬಣ್ಣದ ಕಥೆಯಾದರೋ ಬಹುಕಾಲ ಯಾರ ಗಮನಕ್ಕೂ ಬಾರದೆ ಉಳಿಯಿತು. 1899ರಲ್ಲಿ ಡೇವಿಡ್ ಮಿಸೆಲ್ ಎಂಬಾತನಿಗೆ ಅಮೆರಿಕದಲ್ಲಿ ಕೊಳವೆಯಾಕಾರದ ವಿದ್ಯುದ್ದೀಪಕ್ಕೆ ಪೇಟೆಂಟು ದೊರೆತಂದಿನಿಂದ ಸುಮಾರು ಒಂದು ಶತಮಾನ ಟಾರ್ಚಿನೊಳಗೆ ಉರಿದುದು ಕಾದ ತಂತಿಯೇ. ಅದರ ಬೆಳಕು ಮಂದ, ಹಳದಿ, ಸೆಲ್ಲು ಇಳಿದಂತೆಲ್ಲ ಕೆಂಪು. ಆದರೂ ಕಾದ ವಸ್ತುವಿನಿಂದ ಹೊರಟ ಬೆಳಕಾದುದರಿಂದ ಕಾಮನಬಿಲ್ಲಿನ ವರ್ಣಗಳೆಲ್ಲ ಅದರಲ್ಲಿ ಎಡೆಬಿಡದೆ ಇದ್ದುವು. ರಾತ್ರಿ ಗದ್ದೆಗೆ ನೀರು ಕಟ್ಟಲು ಬ್ಯಾಟರಿ ಹಿಡಿದು ಹೊರಟ ನಮ್ಮ ರೈತನಿಗೆ ಬದುವಿನ ಮೇಲಿನ ಹಾವೂ ಒಣಗಿದ ಸೋಗೆಯೂ ತಂತಮ್ಮ ಬಣ್ಣದಲ್ಲಿಯೇ ಕಾಣುತ್ತಿದ್ದುವು.

1993ರಲ್ಲಿ ಜಪಾನಿನ ನಿಚಿಯಾ ಸಂಸ್ಥೆಯ ಶೂಜಿ ನಕಮುರಾ ಉಜ್ಜ್ವಲವಾದ ನೀಲಿ ಎಲ್‌ಇಡಿಯನ್ನು ಸಾಧಿಸಿ, ಮೂರೇ ವರ್ಷಗಳಲ್ಲಿ ಅದೇ ಸಂಸ್ಥೆ ಅದರ ಮೇಲೆ ಹಳದಿ ರಂಜಕದ ಲೇಪವಿಟ್ಟು ಬಿಳಿಯ ಬೆಳಕನ್ನು ಪಡೆದಾಗ ಈ ಸ್ಥಿತಿ ಬದಲಾಯಿತು. ನೀಲಿಯೂ ಹಳದಿಯೂ ಕೂಡಿ ಕಣ್ಣಿಗೆ ಬಿಳುಪೆನಿಸುವುದೇನೋ ಸರಿ. ಆ ಬಿಳುಪಿನಲ್ಲಿ ಗಾಢ ರಕ್ತವರ್ಣಕ್ಕೆ ಮಾತ್ರ ಎಡೆ ಬಹಳ ಕಡಮೆ. ರಂಜಕದಲ್ಲಿ ಕಳೆದುಹೋಗುವ ಶಕ್ತಿ ಕಡಮೆಯಾದಷ್ಟೂ ಒಟ್ಟು ಬೆಳಕಿನ ಅಳತೆಯಾದ ಲೂಮೆನ್ ಹೆಚ್ಚುವುದರಿಂದಲೂ, ಅಂಗಡಿಯ ಪೆಟ್ಟಿಗೆಯ ಮೇಲೆ ಅಚ್ಚಾಗುವುದು ಲೂಮೆನ್ನೇ ಆದುದರಿಂದಲೂ, ತಯಾರಕರು ನೀಲಿ ಹೆಚ್ಚಾಗಿ ಉಳಿಯುವ 6500 ಕೆಲ್ವಿನ್ನಿನ (ಈ ಅಂಕ ಏರಿದಷ್ಟೂ ಬೆಳಕು ನೀಲಿ, ಇಳಿದಷ್ಟೂ ಹಳದಿ) ಶೀತಲ ಬೆಳಕನ್ನೇ ಮಾರುಕಟ್ಟೆಗೆ ತುಂಬಿದರು. ಅದರಲ್ಲಿ ಸ್ವಂತ ಅಂಗೈ ಹೆಣದ ಕೈಯಂತೆ ಕಂಡರೂ ಕೊಳ್ಳುವವನು ಅದನ್ನು ಪ್ರಗತಿಯೆಂದೇ ಭಾವಿಸಿದನು.

ಇದಕ್ಕೆ ಒಪ್ಪದ ಹವ್ಯಾಸಿಗಳು ಟಾರ್ಚಿನ ತಲೆಯನ್ನು ಬಿಚ್ಚಿ, ಬೆಳಕು ಸೂಸುವ ಒಳಗಿನ ತುಣುಕಾದ ಎಮಿಟರನ್ನು ಕಿತ್ತು, ನಿಚಿಯಾದ 219 ಮೊದಲಾದ ವರ್ಣನಿಷ್ಠ ಎಲ್‌ಇಡಿಗಳನ್ನು ಕೂರಿಸತೊಡಗಿದರು. ಕೆಲಸ ಸೂಕ್ಷ್ಮವಾದುದು. ಮೂರೂವರೆ ಮಿಲಿಮೀಟರ್ ಚೌಕದ ಆ ತುಣುಕನ್ನು ಹೊತ್ತ ತಾಮ್ರದ ಫಲಕವನ್ನು ಕೆಳಗಿನಿಂದ ಕಾಯಿಸಿದರೆ, ಸೀಸ-ತವರಗಳ ಬೆಸುಗೆ 183 ಡಿಗ್ರಿಯಲ್ಲಿ ಕರಗಿ ಹಳೆಯದು ಸಡಿಲವಾಗುವುದು. ಹೊಸದನ್ನಿಟ್ಟು ಚಿಮಟದಿಂದ ಮೆಲ್ಲನೆ ಒತ್ತಿದಾಗ ಹೆಚ್ಚಿನ ಬೆಸುಗೆ ಬದಿಗೆ ಮಣಿಯಾಗಿ ಹೊರಬಂದು, ಕೈ ತೆಗೆದೊಡನೆ ದ್ರವದ ಮೇಲ್ಮೈ ಸೆಳೆತವೇ ಎಮಿಟರನ್ನು ಅದರ ಸ್ಥಾನಕ್ಕೆ ಎಳೆದು ನಿಲ್ಲಿಸುವುದು. ಟಾರ್ಚಿಗೆ ವೋಲ್ಟೇಜು ಹೊಂದದ ಎಲ್‌ಇಡಿಯನ್ನು ತಂದವನಿಗೆ ಈ ನೈಪುಣ್ಯದಿಂದ ಫಲವಿಲ್ಲ.

ಇನ್ನು ಛಾಯೆಯ ಆಯ್ಕೆ. ಬೆಳಕು ಮಂದವಾದಷ್ಟೂ ಬೆಚ್ಚನೆಯ ವರ್ಣವೇ ಹಿತವೆಂದು ಹಾಲೆಂಡಿನ ವಿಜ್ಞಾನಿ ಕ್ರುಯಿಥಾಫ್ 1941ರಲ್ಲಿಯೇ ಹೇಳಿದ್ದನು; ಅನಂತರದ ಪ್ರಯೋಗಗಳು ಅದನ್ನು ಪೂರ್ಣವಾಗಿ ಸಮರ್ಥಿಸದಿದ್ದರೂ, ನಡುರಾತ್ರಿ ಮನೆಯೊಳಗೆ ಬಳಸುವ ದೀಪಕ್ಕೆ 3000 ಕೆಲ್ವಿನ್ ತಕ್ಕುದೆಂದೂ ಕಾಡುದಾರಿಗೆ 4000ದಿಂದ 4500 ಲೇಸೆಂದೂ ನನ್ನ ಮತ. ವರ್ಣನಿಷ್ಠೆಯ ಅಳತೆಯಾದ ಸಿಆರ್‌ಐ ಎಂಟು ಮಾಸಲು ಬಣ್ಣಗಳ ಸರಾಸರಿಯಷ್ಟೇ. ಗಾಢ ಕೆಂಪು ಅದರ ಲೆಕ್ಕಕ್ಕೇ ಸೇರದುದರಿಂದ, 80 ಅಂಕ ಪಡೆದ ದೀಪವೂ ಕುಂಕುಮವನ್ನು ಕಂದಾಗಿ ತೋರಿಸಬಲ್ಲುದು. ಇವೆರಡಕ್ಕಿಂತ ನಿರ್ಣಾಯಕವಾದುದು, ವರ್ಣನಕ್ಷೆಯಲ್ಲಿ ಕಾದ ಕಾಯದ ಬಣ್ಣಗಳು ಎಳೆಯುವ ರೇಖೆಯಿಂದ ದೀಪದ ಬೆಳಕು ಎತ್ತ ಸರಿದಿದೆಯೆಂಬುದು: ಮೇಲೆ ಸರಿದರೆ ಹಸುರು, ಕೆಳಗೆ ಸರಿದರೆ ಗುಲಾಬಿ. ಹಸುರನ್ನು ಸಹಿಸುವವರು ವಿರಳ.

ಈಚಿನ ನಿಚಿಯಾ 519ಎ ವಿಷಯದಲ್ಲಿ ರಸಿಕರು ಇನ್ನೂ ಮುಂದುವರಿದು, ಅದರ ಸಿಲಿಕೋನ್ ಗುಮ್ಮಟವನ್ನೇ ಬ್ಲೇಡಿನಿಂದ ಕೊಯ್ದುಹಾಕುವರು. ಗುಮ್ಮಟವಿಲ್ಲದಾಗ ನೀಲಿಯ ಒಂದಂಶ ಹೊರಬೀಳಲಾರದೆ ರಂಜಕಕ್ಕೆ ಮರಳಿ ಹಳದಿಯಾಗುವುದರಿಂದ ಬೆಳಕು ಬೆಚ್ಚಗಾಗಿ ಗುಲಾಬಿಯತ್ತ ವಾಲುವುದು. ಕಿರಣ ದೂರಕ್ಕೆ ಹಾಯುವುದು, ಒಟ್ಟು ಕಾಂತಿ ಮಾತ್ರ ತುಸು ಕುಂದುವುದು. ಇಷ್ಟು ಸಾಹಸ ಬೇಡವೆನ್ನುವವರಿಗೆ, ಬೇಕಾದ ಎಮಿಟರನ್ನು ಕೇಳಿದಂತೆ ಕೂರಿಸಿಕೊಡುವ ಸಣ್ಣ ತಯಾರಕರು ಈಗ ಚೀನದಲ್ಲಿದ್ದಾರೆ. ನಮ್ಮ ಪೇಟೆಯ ಅಂಗಡಿಗಳಲ್ಲಿ ಇಂದಿಗೂ ಹೆಚ್ಚಾಗಿ ದೊರೆಯುವುದು ಆ ಶೀತಲ ಬಿಳುಪೇ.