ಶಾಲೆ ಕೊಟ್ಟ ಟ್ಯಾಬ್ಲೆಟ್ ಮತ್ತು ಮಕ್ಕಳ ಸುರಕ್ಷತೆ: ಪೋಷಕರಿಗೂ ವಿದ್ಯಾಸಂಸ್ಥೆಗಳಿಗೂ ಕೈಪಿಡಿ

ಅನ್ನ, ಅಕ್ಷರ, ಆಶ್ರಯ – ಇವು ನಮ್ಮ ಮಠಗಳು ನಡೆಸಿಕೊಂಡು ಬಂದ ತ್ರಿವಿಧ ದಾಸೋಹ. ಹಸಿದು ಬಂದ ಮಗುವಿಗೆ ಪ್ರಸಾದ, ಓದಲು ಶಾಲೆ, ತಂಗಲು ಪ್ರಸಾದ ನಿಲಯ – ಈ ಮೂರನ್ನೂ ಹಿರಿಯರು ಒಂದೇ ಸೇವೆಯ ಮೂರು ಮುಖಗಳೆಂದು ಭಾವಿಸಿದರು. ಇಂದು ಅಕ್ಷರವು ಹಲಗೆ, ಪುಸ್ತಕಗಳ ಜೊತೆಗೆ ಟ್ಯಾಬ್ಲೆಟ್ ಪರದೆಯ ಮೇಲೂ ಬರುತ್ತಿದೆ. ಸಾಧನವನ್ನು ಕೈಗಿತ್ತರೆ ಅಕ್ಷರ ದಾಸೋಹದ ಒಂದು ಭಾಗ ನಡೆದಂತಾಯಿತು. ಆ ಸಾಧನದ ಮೂಲಕ ಕೇಡು ಎದುರಾದಾಗ ಮಗುವು ಅಂಜದೆ ಬಂದು ಹೇಳಿಕೊಳ್ಳಬಲ್ಲ ಹಿರಿಯರೊಬ್ಬರು ಇದ್ದರೆ ಮಾತ್ರ ಆಶ್ರಯವೂ ದೊರೆತಂತಾಗುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿ ಭಾಗದ ಪೋಷಕರು, ಶಿಕ್ಷಕರು ಮತ್ತು ಪ್ರಸಾದ ನಿಲಯಗಳ ಮೇಲ್ವಿಚಾರಕರಿಗಾಗಿ ಅಗತ್ಯ ಮಾಹಿತಿಯನ್ನು ಇಲ್ಲಿ ಸಂಗ್ರಹಿಸಲಾಗಿದೆ.

ಹಿನ್ನೆಲೆ

2020ರಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ ಪಾಠವು ಮನೆಯ ಪರದೆಗೆ ಬಂದಿತು. ರಾಜ್ಯ ಸರ್ಕಾರ ಆ ವರ್ಷದ ಜೂನ್‌ನಲ್ಲಿ 5ನೇ ತರಗತಿಯವರೆಗೆ ಆನ್‌ಲೈನ್ ತರಗತಿಗಳನ್ನು ನಿಷೇಧಿಸಿತು; ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಪ್ರಸಾರವಾದವು. 2021ರ ಜೂನ್‌ನಲ್ಲಿ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರು ಸರ್ಕಾರಿ ಪ್ರಥಮ ದರ್ಜೆ, ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ವಿತರಿಸುವ ಯೋಜನೆಗೆ ಚಾಲನೆ ನೀಡಿದರು. ಮಂಡ್ಯ, ಮದ್ದೂರು, ಮಳವಳ್ಳಿಯ ಸರ್ಕಾರಿ ಪದವಿ ಕಾಲೇಜುಗಳೂ ಈ ಯೋಜನೆಯ ವ್ಯಾಪ್ತಿಯಲ್ಲಿದ್ದವು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿದ್ದು, ಹಲವೆಡೆ ಮಕ್ಕಳಿಗೆ ಕಂಪ್ಯೂಟರ್ ಸೌಲಭ್ಯವೂ ಇದೆ.

ಬಳಕೆ ಬೆಳೆದಷ್ಟು ವೇಗವಾಗಿ ಎಚ್ಚರ ಬೆಳೆದಿಲ್ಲ. ‘ಅಸರ್ 2024’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ನೂರಕ್ಕೆ 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಇವರಲ್ಲಿ ಸಮೀಕ್ಷೆಯ ಹಿಂದಿನ ವಾರ ಅದನ್ನು ಕಲಿಕೆಗೆ ಬಳಸಿದವರು ನೂರಕ್ಕೆ 57; ಸಾಮಾಜಿಕ ಜಾಲತಾಣಕ್ಕೆ ಬಳಸಿದವರು 76. ಜಾಲತಾಣ ಬಳಸುವವರಲ್ಲಿ ತೊಂದರೆ ಕೊಡುವ ಖಾತೆಯನ್ನು ತಡೆಯುವ ಕ್ರಮ ಬಲ್ಲವರು ನೂರಕ್ಕೆ 62 ಮಾತ್ರ. ತಮ್ಮ ಖಾತೆಯನ್ನು ಖಾಸಗಿಯಾಗಿ ಇಟ್ಟುಕೊಳ್ಳಲು ತಿಳಿದವರು 55.

ವಿಶ್ವೇಶ್ವರಯ್ಯ ನಾಲೆಯ ನೀರುಂಡು ಬೆಳೆದ ನಮ್ಮ ಊರುಗಳಿಗೆ ಇದು ಹೊಸ ಪಾಠವಲ್ಲ. ನಾಲೆಯ ಏರಿಗೆ ತಡೆಗೋಡೆಯೂ ಬೇಕು, ಮಕ್ಕಳಿಗೆ ಈಜೂ ಬರಬೇಕು, ಮುಳುಗುವಾಗ ಕೂಗಿದರೆ ಓಡಿಬರುವ ಜನರೂ ಇರಬೇಕು. ಈ ಮೂರರಲ್ಲಿ ಯಾವುದೊಂದೂ ಉಳಿದೆರಡರ ಸ್ಥಾನವನ್ನು ತುಂಬಲಾರದು.

ಸಾಧನದ ಮೇಲೆ ಯಾರ ಹತೋಟಿ?

ಸ್ವಂತ ಮೊಬೈಲ್‌ಗೂ ಶಾಲೆ ಕೊಟ್ಟ ಟ್ಯಾಬ್ಲೆಟ್‌ಗೂ ಮುಖ್ಯವಾದ ವ್ಯತ್ಯಾಸವೊಂದಿದೆ. ಶಾಲೆಯ ಸಾಧನದಲ್ಲಿ ಸಾಮಾನ್ಯವಾಗಿ ನಿರ್ವಹಣಾ ತಂತ್ರಾಂಶವಿರುತ್ತದೆ. ಅದರ ಮೂಲಕ ಯಾವ ಆ್ಯಪ್ ಇರಬೇಕು, ಯಾವ ಜಾಲತಾಣ ತೆರೆಯಬಾರದು ಎಂಬುದನ್ನು ಸಂಸ್ಥೆ ದೂರದಿಂದಲೇ ನಿರ್ಧರಿಸಬಹುದು. ಸಾಧನವಿರುವ ಸ್ಥಳವನ್ನು ತಿಳಿಯಬಹುದು. ಕಳೆದುಹೋದರೆ ಅದರಲ್ಲಿರುವುದನ್ನೆಲ್ಲ ಅಳಿಸಬಹುದು. ಇದು ರಕ್ಷಣೆ ನಿಜ. ಆದರೆ ಕೆಲವು ಸಂಸ್ಥೆಗಳ ತಡೆ ಶಾಲೆಯ ವೈಫೈನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಮಗುವು ಮನೆಯಲ್ಲಿ ಅಣ್ಣನ ಮೊಬೈಲ್‌ನಿಂದ ಹಾಟ್‌ಸ್ಪಾಟ್ ಪಡೆದಾಗ ಆ ಗೋಡೆ ಇಲ್ಲವಾಗಬಹುದು. ‘ಶಾಲೆಯವರು ಕೊಟ್ಟದ್ದು, ಅವರೇ ನೋಡಿಕೊಳ್ಳುತ್ತಾರೆ’ ಎಂದು ಪೋಷಕರು ನಿಶ್ಚಿಂತರಾಗುವಂತಿಲ್ಲ.

ರಕ್ಷಣೆಯ ಹೆಸರಿನ ಕಣ್ಣು ಎಲ್ಲೆ ಮೀರಿದ ಉದಾಹರಣೆಯೂ ಇದೆ. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಲೋವರ್ ಮೆರಿಯನ್ ಶಾಲಾ ಆಡಳಿತವು ಲ್ಯಾಪ್‌ಟಾಪ್ ಕಳವಾದರೆ ಪತ್ತೆಹಚ್ಚಲೆಂದು ಅಳವಡಿಸಿದ್ದ ತಂತ್ರಾಂಶವು ಮನೆಯೊಳಗಿದ್ದ ವಿದ್ಯಾರ್ಥಿಗಳ ಚಿತ್ರಗಳನ್ನು ಅವರಿಗೆ ತಿಳಿಯದಂತೆ ಸೆರೆಹಿಡಿದಿತ್ತು. 2010ರಲ್ಲಿ ಈ ಸಂಗತಿ ನ್ಯಾಯಾಲಯಕ್ಕೆ ಹೋಗಿ, ಅದೇ ವರ್ಷ ಆಡಳಿತವು 6.10 ಲಕ್ಷ ಡಾಲರ್ ನೀಡಿ ರಾಜಿ ಮಾಡಿಕೊಂಡಿತು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು 2022ರಲ್ಲಿ 49 ದೇಶಗಳ ಸರ್ಕಾರಗಳು ಕೋವಿಡ್ ಕಾಲದಲ್ಲಿ ಸೂಚಿಸಿದ್ದ ಕಲಿಕಾ ತಂತ್ರಾಂಶಗಳನ್ನು ಪರಿಶೀಲಿಸಿ, ನೂರಕ್ಕೆ 89ರಷ್ಟರಲ್ಲಿ ಮಕ್ಕಳ ಖಾಸಗಿತನಕ್ಕೆ ಧಕ್ಕೆ ಅಥವಾ ಅಪಾಯವಿರುವುದನ್ನು ವರದಿ ಮಾಡಿತು.

ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿಯನ್ನು ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆಯನ್ನು ಕೇಳುತ್ತದೆ. ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತನ್ನು ನಿಷೇಧಿಸುತ್ತದೆ. ಇದರ ನಿಯಮಗಳಲ್ಲಿ ಬೋಧನೆ ಮತ್ತು ಸುರಕ್ಷತೆಗಾಗಿ ವಿದ್ಯಾಸಂಸ್ಥೆಗಳಿಗೆ ಕೆಲವು ವಿನಾಯಿತಿಗಳಿವೆ. ವಿನಾಯಿತಿ ಇದೆಯೆಂದು ಮುಚ್ಚುಮರೆ ಮಾಡುವುದು ಸದಾಚಾರವಲ್ಲ. ಆದ್ದರಿಂದ ಟ್ಯಾಬ್ಲೆಟ್ ಪಡೆದ ಪತ್ರಕ್ಕೆ ಸಹಿ ಹಾಕುವ ಮುನ್ನ ಪೋಷಕರು ಈ ಪ್ರಶ್ನೆಗಳನ್ನು ವಿನಯದಿಂದಲೇ ಕೇಳಬೇಕು:

• ಸಂಸ್ಥೆಯು ಈ ಸಾಧನದಲ್ಲಿ ಏನೇನನ್ನು ನೋಡಬಲ್ಲದು? ಕ್ಯಾಮೆರಾ, ಮೈಕ್ ಮತ್ತು ಸ್ಥಳದ ಮಾಹಿತಿ ಯಾರ ಹತೋಟಿಯಲ್ಲಿದೆ?
• ಜಾಲತಾಣಗಳ ತಡೆ ಮನೆಯಲ್ಲಿಯೂ ಕೆಲಸ ಮಾಡುತ್ತದೆಯೇ?
• ಮಗುವಿನ ಹೆಸರು, ಭಾವಚಿತ್ರ, ಅಂಕಗಳು ಯಾವ ಕಂಪನಿಯ ಬಳಿ ಉಳಿಯುತ್ತವೆ?
• ಸಾಧನ ಹಿಂದಿರುಗಿಸಿದ ಮೇಲೆ ಅದರಲ್ಲಿರುವುದನ್ನು ಪೂರ್ಣವಾಗಿ ಅಳಿಸುವವರು ಯಾರು?
• ತೊಂದರೆ ಬಂದಾಗ ಶಾಲೆಯಲ್ಲಿ ಯಾರನ್ನು ಕಾಣಬೇಕು?

ಮನೆಯಲ್ಲಿ ಮಾಡಿಕೊಳ್ಳಬೇಕಾದ ವ್ಯವಸ್ಥೆ

ಸ್ಥಳ: ಓದು ಮುಗಿದ ಮೇಲೆ ಟ್ಯಾಬ್ಲೆಟ್ ನಡುಮನೆಯಲ್ಲಿ ಚಾರ್ಜ್ ಆಗಲಿ. ರಾತ್ರಿ ಮಲಗುವ ಕೋಣೆಗೆ ಅದು ಹೋಗದಿರಲಿ. ಈ ನಿಯಮವನ್ನು ಹಿರಿಯರೂ ತಮ್ಮ ಮೊಬೈಲ್‌ಗೆ ಅನ್ವಯಿಸಿಕೊಂಡರೆ ಮಾತ್ರ ಮಕ್ಕಳು ಮನ್ನಿಸುತ್ತಾರೆ.

ಸಮಯ: ಕೇಂದ್ರ ಶಿಕ್ಷಣ ಸಚಿವಾಲಯದ 2020ರ ‘ಪ್ರಜ್ಞಾತ’ ಮಾರ್ಗಸೂಚಿಯು ಆನ್‌ಲೈನ್ ತರಗತಿಗೆ 1ರಿಂದ 8ನೇ ತರಗತಿಯವರೆಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಅವಧಿ, 9ರಿಂದ 12ನೇ ತರಗತಿಗೆ ನಾಲ್ಕು ಅವಧಿ ಮೀರದಿರಲಿ ಎಂದು ಸೂಚಿಸಿದೆ. ಮನೆಯ ಲೆಕ್ಕಕ್ಕೂ ಇದು ಉತ್ತಮ ಅಳತೆ.

ಸಿಮ್: ಟ್ಯಾಬ್ಲೆಟ್‌ನಲ್ಲಿರುವ ಸಿಮ್ ಸಾಮಾನ್ಯವಾಗಿ ತಂದೆ ಅಥವಾ ತಾಯಿಯ ಹೆಸರಿನಲ್ಲಿರುತ್ತದೆ. ಬ್ಯಾಂಕ್ ಖಾತೆಗೆ ಜೋಡಿಸಿದ ಸಂಖ್ಯೆಯನ್ನು ಅದಕ್ಕೆ ಬಳಸಬಾರದು. ಬಳಸಿದರೆ ಹಣಕಾಸಿನ ಒಟಿಪಿಗಳು ಮಗುವಿನ ಕೈಗೆ, ಅಲ್ಲಿಂದ ವಂಚಕರ ಕಿವಿಗೆ ಹೋಗಬಹುದು.

ಖಾತೆ: ಶಾಲೆಯ ಖಾತೆಯನ್ನು ಶಾಲೆಯ ಕೆಲಸಕ್ಕೆ ಮಾತ್ರ ಬಳಸಬೇಕು. ಆಟದ ಆ್ಯಪ್‌ಗಳಿಗೆ ಅದೇ ಖಾತೆಯಿಂದ ನೋಂದಾಯಿಸಬಾರದು. ಪಾಸ್‌ವರ್ಡ್ ಗೆಳೆಯರಿಗೆ ಹೇಳುವಂಥದ್ದಲ್ಲ ಎಂದು ತಿಳಿಸಬೇಕು. ಅರಿವು ಕೇಂದ್ರ ಅಥವಾ ಸೈಬರ್ ಕೇಂದ್ರದಲ್ಲಿ ಬಳಸಿದರೆ ಖಾತೆಯಿಂದ ಹೊರಬಂದೇ ಏಳಬೇಕು.

ಅಪಾಯಗಳು ಬರುವ ದಾರಿ

ಉಚಿತ ಲ್ಯಾಪ್‌ಟಾಪ್, ವಿದ್ಯಾರ್ಥಿವೇತನ, ಪ್ರಶ್ನೆಪತ್ರಿಕೆ ಎಂಬ ಆಮಿಷದ ಲಿಂಕ್‌ಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತವೆ. ವಿದ್ಯಾರ್ಥಿವೇತನದ ಅರ್ಜಿಯನ್ನು ಸರ್ಕಾರದ ಅಧಿಕೃತ ಜಾಲತಾಣದಲ್ಲಿ, ಶಾಲೆಯವರನ್ನು ವಿಚಾರಿಸಿಯೇ ಸಲ್ಲಿಸಬೇಕು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರವು 2025ರ ಆಗಸ್ಟ್‌ನಲ್ಲಿ ಕಾಯ್ದೆ ತಂದು ನಿಷೇಧಿಸಿದೆ. ಅಂಥ ಆಟಕ್ಕೆ ಕರೆಯುವ ಸಂದೇಶವೇ ಎಚ್ಚರಿಕೆಯ ಗಂಟೆ.

ಇವೆಲ್ಲಕ್ಕಿಂತ ಹೆಚ್ಚು ನೋವು ತರುವುದು ಸ್ನೇಹದ ವೇಷದ ಕೇಡು. ಅಪರಿಚಿತರು ಸಮವಯಸ್ಕರಂತೆ ಪರಿಚಯವಾಗಿ, ಹೊಗಳಿ, ನಂಬಿಕೆ ಗಳಿಸಿ, ಮಾತುಕತೆಯನ್ನು ಬೇರೆ ಆ್ಯಪ್‌ಗೆ ಒಯ್ದು, ಕಡೆಗೆ ಖಾಸಗಿ ಚಿತ್ರವೊಂದನ್ನು ಕೇಳುತ್ತಾರೆ. ಅದು ದೊರೆತ ಮರುಕ್ಷಣ ಬೆದರಿಕೆ ಆರಂಭವಾಗುತ್ತದೆ. ಈಗ ಕೃತಕ ಬುದ್ಧಿಮತ್ತೆಯ ತಂತ್ರದಿಂದ ಸಾಧಾರಣ ಭಾವಚಿತ್ರವನ್ನೇ ಅಶ್ಲೀಲವಾಗಿ ತಿರುಚುವುದೂ ಸಾಧ್ಯ. ಆದ್ದರಿಂದ ‘ನಮ್ಮ ಮಗು ಏನೂ ಕಳುಹಿಸಿಲ್ಲ’ ಎಂಬ ಧೈರ್ಯವೊಂದೇ ಸಾಲದು.

ಬೆದರಿಸುವವನ ನಿಜವಾದ ಬಲ ಆ ಚಿತ್ರದಲ್ಲಿಲ್ಲ, ಮಗುವಿನ ಮೌನದಲ್ಲಿದೆ. ಹೇಳಿದರೆ ಹೊಡೆಯುತ್ತಾರೆ, ಟ್ಯಾಬ್ಲೆಟ್ ಕಸಿದುಕೊಳ್ಳುತ್ತಾರೆ, ಓದು ಬಿಡಿಸುತ್ತಾರೆ, ಹೆಣ್ಣುಮಗುವಾದರೆ ಬೇಗನೆ ಮದುವೆ ಮಾಡಿಬಿಡುತ್ತಾರೆ ಎಂಬ ಭಯವೇ ಅವನ ಬಂಡವಾಳ. ಆ ಭಯಕ್ಕೆ ನಮ್ಮ ಮನೆಗಳಲ್ಲಿ ಆಧಾರವಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ? ಅದಕ್ಕಾಗಿಯೇ ಟ್ಯಾಬ್ಲೆಟ್ ಮನೆಗೆ ಬಂದ ದಿನವೇ ಹಿರಿಯರು ಮಗುವನ್ನು ಬಳಿ ಕೂರಿಸಿಕೊಂಡು ಮಾತು ಕೊಡಬೇಕು: ‘ನಿನ್ನಿಂದ ತಪ್ಪೇ ಆಗಿದ್ದರೂ ಮೊದಲು ನಮಗೆ ಹೇಳು. ಬೈಯುವುದಿಲ್ಲ, ಓದು ಬಿಡಿಸುವುದಿಲ್ಲ. ಜೊತೆಗೆ ನಿಲ್ಲುತ್ತೇವೆ.’ ಕೊಟ್ಟ ಮಾತನ್ನು ಕಷ್ಟದ ದಿನ ಉಳಿಸಿಕೊಳ್ಳಬೇಕು.

ತೊಂದರೆ ಬಂದ ದಿನ ಮಾಡಬೇಕಾದುದು

1. ಮಗುವನ್ನು ಒಂಟಿಯಾಗಿ ಬಿಡಬೇಡಿ. ‘ಏಕೆ ಹೀಗೆ ಮಾಡಿದೆ’ ಎಂಬ ಪ್ರಶ್ನೆ ಆ ದಿನ ಬೇಡ. ಮನಸ್ಸು ಕುಸಿದಿದ್ದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಉಚಿತವಾಗಿ ಆಪ್ತಸಮಾಲೋಚನೆ ದೊರೆಯುತ್ತದೆ.
2. ಹಣ ಕೊಡಬೇಡಿ, ಇನ್ನೊಂದು ಚಿತ್ರವನ್ನೂ ಕಳುಹಿಸಬೇಡಿ. ಒಮ್ಮೆ ಕೊಟ್ಟರೆ ಬೇಡಿಕೆ ನಿಲ್ಲದು.
3. ಸಂದೇಶಗಳನ್ನು ಅಳಿಸಬೇಡಿ. ಬೆದರಿಕೆಯ ಮಾತು, ಖಾತೆಯ ಹೆಸರು, ದೂರವಾಣಿ ಸಂಖ್ಯೆ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಆನಂತರ ಆ ಖಾತೆಯನ್ನು ಬ್ಲಾಕ್ ಮಾಡಿ.
4. ಮಗುವಿನ ಖಾಸಗಿ ಚಿತ್ರವನ್ನು ಸಲಹೆ ಕೇಳುವ ನೆಪದಲ್ಲಿಯೂ ಯಾರಿಗೂ ಕಳುಹಿಸಬೇಡಿ. ಮಕ್ಕಳ ಅಶ್ಲೀಲ ಚಿತ್ರಗಳನ್ನು ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಂತೆ ಅಪರಾಧ. ಅವನ್ನು ಇಟ್ಟುಕೊಳ್ಳುವುದೂ ಪೋಕ್ಸೊ ಕಾಯ್ದೆಯಡಿ ಅಪರಾಧವಾಗಬಲ್ಲದೆಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಚಿತ್ರವಿರುವ ಸಾಧನವನ್ನೇ ಪೊಲೀಸರಿಗೆ ತೋರಿಸಿ.
5. ಅದೇ ದಿನ ದೂರು ನೀಡಿ.

ದೂರು ಎಲ್ಲಿ, ಹೇಗೆ?

ಮಕ್ಕಳ ಸಹಾಯವಾಣಿ 1098 ದಿನದ 24 ಗಂಟೆಯೂ ಉಚಿತವಾಗಿ ಲಭ್ಯ. ಮಗುವೇ ನೇರವಾಗಿ ಕರೆ ಮಾಡಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಎಷ್ಟು ಬೇಗ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ತುರ್ತು ಸಂದರ್ಭಕ್ಕೆ 112. ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣ ‘ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್’ನಲ್ಲಿ ಮಕ್ಕಳು ಮತ್ತು ಮಹಿಳೆಯರಿಗೆ ಸಂಬಂಧಿಸಿದ ದೂರಿಗೆ ಪ್ರತ್ಯೇಕ ವಿಭಾಗವಿದೆ. 18 ವರ್ಷದೊಳಗಿದ್ದಾಗ ತೆಗೆದ ಚಿತ್ರ ಜಾಲತಾಣಗಳಲ್ಲಿ ಹರಡದಂತೆ ತಡೆಯಲು ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ. ಅಲ್ಲಿ ಚಿತ್ರವನ್ನು ಕಳುಹಿಸಬೇಕಾಗಿಲ್ಲ, ಅದರ ಸಂಕೇತಸಂಖ್ಯೆ ಮಾತ್ರ ಹೋಗುತ್ತದೆ.

ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಸಿಇಎನ್ ಪೊಲೀಸ್ ಠಾಣೆ ಮಂಡ್ಯ ಜಿಲ್ಲಾ ಕೇಂದ್ರದಲ್ಲಿದೆ. ಮದ್ದೂರು, ಮಳವಳ್ಳಿಯವರು ಮಂಡ್ಯಕ್ಕೇ ಹೋಗಬೇಕೆಂದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಕೃತ್ಯ ಯಾವ ವ್ಯಾಪ್ತಿಯಲ್ಲಿ ನಡೆದಿದ್ದರೂ ಗಂಭೀರ ಅಪರಾಧದ ಮಾಹಿತಿಯನ್ನು ಯಾವುದೇ ಠಾಣೆಯಲ್ಲಿ ನೀಡಬಹುದು.

ಠಾಣೆಯ ಮೆಟ್ಟಿಲು ಹತ್ತಿದರೆ ಮಗುವಿನ ಹೆಸರು ಬಯಲಾಗುತ್ತದೆಂದು ಅನೇಕರು ಹಿಂಜರಿಯುತ್ತಾರೆ. 2012ರ ಪೋಕ್ಸೊ ಕಾಯ್ದೆಯು ಇದನ್ನು ಯೋಚಿಸಿಯೇ ರೂಪುಗೊಂಡಿದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಸ್ಥಳದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಪಡೆಯಬೇಕು. ಮಗುವಿನ ಗುರುತನ್ನು ಮಾಧ್ಯಮಗಳಲ್ಲಿ ಪ್ರಕಟಿಸುವುದು ಅಪರಾಧ. ಲೈಂಗಿಕ ಅಪರಾಧದ ವಿಷಯ ತಿಳಿದೂ ವರದಿ ಮಾಡದಿರುವುದಕ್ಕೂ ಶಿಕ್ಷೆಯಿದೆ. ಸಂಸ್ಥೆಯ ಮುಖ್ಯಸ್ಥರಿಗೆ ಆ ಹೊಣೆ ಇನ್ನೂ ಹೆಚ್ಚು. ಸಂಸ್ಥೆಯ ಹೆಸರು ಕೆಡುತ್ತದೆಂದು ಮುಚ್ಚಿಡುವುದನ್ನು ಕಾನೂನೂ ಒಪ್ಪದು, ಶರಣಧರ್ಮವೂ ಒಪ್ಪದು.

ಶಾಲೆ, ಪ್ರಸಾದ ನಿಲಯ ಮತ್ತು ಊರಿನ ಹೊಣೆ

ಟ್ಯಾಬ್ಲೆಟ್ ವಿತರಿಸುವ ದಿನವೇ ಪೋಷಕರ ಸಭೆ ಕರೆದು ಬಳಕೆಯ ನಿಯಮಗಳನ್ನು ಕನ್ನಡದಲ್ಲಿ ಓದಿ ಹೇಳಬೇಕು. ಮಕ್ಕಳು ಅಂಜದೆ ಮಾತಾಡಬಲ್ಲ ಇಬ್ಬರು ಶಿಕ್ಷಕರನ್ನು, ಅವರಲ್ಲಿ ಒಬ್ಬರಾದರೂ ಮಹಿಳೆಯಿರುವಂತೆ, ಗೊತ್ತುಪಡಿಸಬೇಕು. ಶಿಕ್ಷಕರು ವಿದ್ಯಾರ್ಥಿಗಳಿಗೆ ತರಗತಿಯ ಗುಂಪಿನಲ್ಲೇ ಸಂದೇಶ ಕಳುಹಿಸುವುದು, ಹೊತ್ತಲ್ಲದ ಹೊತ್ತಿನಲ್ಲಿ ಒಬ್ಬೊಬ್ಬರಿಗೇ ಬರೆಯದಿರುವುದು ಇಬ್ಬರಿಗೂ ಕ್ಷೇಮ. ಮನೆಯಿಂದ ದೂರವಿರುವ ಪ್ರಸಾದ ನಿಲಯದ ಮಕ್ಕಳಿಗೆ ಮೇಲ್ವಿಚಾರಕರೇ ತಂದೆತಾಯಿಯ ಸ್ಥಾನದವರು. 1098 ಮತ್ತು 1930 ಸಂಖ್ಯೆಗಳು ಅಲ್ಲಿನ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿರಲಿ. ಸರ್ಕಾರಿ ಶಾಲೆಗಳ ಎಸ್‌ಡಿಎಂಸಿ ಸಭೆಗಳಲ್ಲಿ, ಗ್ರಾಮ ಪಂಚಾಯಿತಿಗಳ ಮಕ್ಕಳ ಗ್ರಾಮಸಭೆಗಳಲ್ಲಿ ಈ ವಿಷಯವನ್ನು ಮಕ್ಕಳ ಬಾಯಿಂದಲೇ ಕೇಳಬೇಕು.

ಪಂಚಾಚಾರಗಳಲ್ಲಿ ಗಣಾಚಾರವೂ ಒಂದು. ಅನ್ಯಾಯವನ್ನು ಕಂಡು ಸುಮ್ಮನಿರದೆ ಸಮುದಾಯವಾಗಿ ಎದ್ದು ನಿಲ್ಲುವುದು ಅದರ ತಿರುಳು. ನೆರೆಮನೆಯ ಮಗುವಿನ ಚಿತ್ರವೊಂದು ನಮ್ಮ ಮೊಬೈಲ್‌ಗೆ ಬಂದಾಗ ಅದನ್ನು ಮುಂದಕ್ಕೆ ಕಳುಹಿಸದೆ, ಆ ಮನೆಯವರ ಜೊತೆ ಠಾಣೆಗೆ ಹೋಗುವುದೇ ಇಂದಿನ ಗಣಾಚಾರ. ಮಗುವು ಹೇಳಿಕೊಳ್ಳಲು ಬಂದಾಗ ಕೇಳುವ ಕಿವಿ, ಕೇಳಿದ ಮೇಲೆ ಕಾಯುವ ಕೈ ಪ್ರತಿ ಮನೆಯಲ್ಲೂ ಇರಲಿ. ಆಗ ಅಕ್ಷರದ ಜೊತೆ ಆಶ್ರಯವೂ ಪೂರ್ಣವಾಗುತ್ತದೆ.