ನಾಲ್ಕೂವರೆ ಲಕ್ಷದ ‘ಯುಕೆ ಪ್ಯಾಕೇಜ್’ ಒಳಗೆ ಏನಿದೆ? ನರ್ಸ್ ನೋಂದಣಿಯ ಪೂರ್ತಿ ಲೆಕ್ಕ

ನನ್ನ ಚಿಕ್ಕಮ್ಮನ ಮಗಳು ತಿಪಟೂರು ಹತ್ತಿರದ ಹಳ್ಳಿಯವಳು. ಬಿಎಸ್‌ಸಿ ನರ್ಸಿಂಗ್ ಮುಗಿಸಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ಐದು ವರ್ಷ ದುಡಿದಿದ್ದಳು. ಎರಡು ವರ್ಷದ ಹಿಂದೆ ಒಂದು ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿದಳು. ಏಜೆಂಟ್ ಬರೆದುಕೊಟ್ಟ ಚೀಟಿ ಅದು. ‘ಯುಕೆ ಪ್ಯಾಕೇಜ್: ನಾಲ್ಕೂವರೆ ಲಕ್ಷ. ಮುಂಗಡ ಎರಡು ಲಕ್ಷ. ಮೂಲ ಅಂಕಪಟ್ಟಿಗಳನ್ನು ಕಚೇರಿಗೆ ಒಪ್ಪಿಸಬೇಕು.’ ಕೆಳಗೆ ಅವಳ ಪ್ರಶ್ನೆ: ‘ಅಣ್ಣಾ, ಇದು ಸರೀನಾ? ಅಪ್ಪ ತೋಟದ ಮೇಲೆ ಸಾಲ ತೆಗೀತೀನಿ ಅಂತಿದಾರೆ.’

ಓದಿದ್ದು ಎಂಜಿನಿಯರಿಂಗ್ ಆದ್ದರಿಂದ ಬಿಲ್ ಕಂಡರೆ ಬಿಡಿಸಿ ನೋಡುವ ಚಟ ನನಗಿದೆ. ಆ ನಾಲ್ಕೂವರೆ ಲಕ್ಷವನ್ನು ಬಿಡಿಸುತ್ತಾ ಹೋದಾಗ ಗೊತ್ತಾಗಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ವಿದೇಶಕ್ಕೆ ಹೋಗಬೇಕೋ ಬೇಡವೋ ಅನ್ನೋದು ಅವರವರ ತೀರ್ಮಾನ. ಆದರೆ ದಾರಿ ಗೊತ್ತಿಲ್ಲ ಅನ್ನೋ ಒಂದೇ ಕಾರಣಕ್ಕೆ ಯಾರೂ ತೋಟ ಅಡವಿಡಬಾರದು.

ಮೊದಲ ಮಾತು: ವೀಸಾ ಬೇರೆ, ನೋಂದಣಿ ಬೇರೆ

ನನ್ನ ಬ್ಯಾಚಿನ ಅರ್ಧ ಜನ ಸಾಫ್ಟ್‌ವೇರ್ ಕೆಲಸಕ್ಕೆ ಅಂತ ಅಮೆರಿಕ ಸೇರಿದರು. ಅಲ್ಲಿ ಕೋಡ್ ಬರೆಯೋಕೆ ಯಾವ ಲೈಸೆನ್ಸೂ ಬೇಕಾಗಲಿಲ್ಲ. ನರ್ಸ್‌ಗಳ ಕತೆ ಹಾಗಲ್ಲ. ಬ್ರಿಟನ್‌ನಲ್ಲಿ ನರ್ಸ್ ಅನಿಸಿಕೊಂಡು ಕೆಲಸ ಮಾಡಬೇಕಾದರೆ ನರ್ಸಿಂಗ್ ಆ್ಯಂಡ್ ಮಿಡ್‌ವೈಫರಿ ಕೌನ್ಸಿಲ್‌ನ ಪಟ್ಟಿಯಲ್ಲಿ ಹೆಸರಿರಲೇಬೇಕು. ಇದನ್ನು ಎನ್‌ಎಂಸಿ ಅಂತಾರೆ. ನಮ್ಮ ವೈದ್ಯಕೀಯ ಆಯೋಗವೂ ಎನ್‌ಎಂಸಿಯೇ, ಅದನ್ನು ಇದನ್ನು ಬೆರೆಸಿಕೊಳ್ಳಬೇಡಿ. ನೋಂದಣಿಯಾದವರಿಗೆ ‘ಪಿನ್’ ಎಂಬ ಸಂಖ್ಯೆ ಸಿಗುತ್ತೆ. ಅದು ಕೈಗೆ ಬರುವ ತನಕ ಅಲ್ಲಿನ ಲೆಕ್ಕದಲ್ಲಿ ನೀವು ನರ್ಸ್ ಅಲ್ಲ. ರೋಗಿಯ ಜೀವದ ಪ್ರಶ್ನೆ ಇರುವುದರಿಂದ ಈ ಬಾಗಿಲು ಇರಬೇಕಾದ್ದೇ. ಆ ಬಾಗಿಲಲ್ಲಿ ನಿಂತು ಕಾಸು ಎತ್ತುವವರದ್ದು ಮಾತ್ರ ನನ್ನ ತಕರಾರು.

ಹಂತ 1: ಇಲ್ಲಿನ ಕಾಗದಪತ್ರ

ಮೂರು ವರ್ಷದ ಜಿಎನ್‌ಎಂ ಅಥವಾ ನಾಲ್ಕು ವರ್ಷದ ಬಿಎಸ್‌ಸಿ ಆಗಿ, ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಇರಬೇಕು. ಎನ್‌ಎಂಸಿ ಸೈಟ್‌ನಲ್ಲಿ ಖಾತೆ ತೆರೆಯೋದು, ಅರ್ಜಿ ತುಂಬೋದು ಎಲ್ಲವನ್ನೂ ಅಭ್ಯರ್ಥಿಯೇ ಆನ್‌ಲೈನ್‌ನಲ್ಲಿ ಮಾಡಬಹುದು. ನಿಮ್ಮ ನೋಂದಣಿ ನಿಜವೇ, ನಿಮ್ಮ ಮೇಲೆ ಶಿಸ್ತುಕ್ರಮ ಇದೆಯೇ ಅನ್ನೋ ದೃಢೀಕರಣ ನಮ್ಮ ಕೌನ್ಸಿಲ್‌ನಿಂದ ನೇರವಾಗಿ ಎನ್‌ಎಂಸಿಗೆ ಹೋಗುತ್ತೆ. ಜೊತೆಗೆ ಪೊಲೀಸ್ ಪ್ರಮಾಣಪತ್ರ ಮತ್ತು ಆರೋಗ್ಯದ ಘೋಷಣೆ ಬೇಕು. ಮೂಲ ಅಂಕಪಟ್ಟಿಯನ್ನು ಏಜೆಂಟ್ ಕಪಾಟಿನಲ್ಲಿ ಇಡುವ ಅಗತ್ಯ ಇದರಲ್ಲಿ ಎಲ್ಲೂ ಬರುವುದಿಲ್ಲ.

ನಮ್ಮವರಿಗೆ ನಿಜವಾಗಿ ತೊಡಕಾಗೋದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಮದುವೆಯಾದ ಮೇಲೆ ಆಧಾರ್‌ನಲ್ಲಿ ಇನ್ನೊಂದು. ಅರ್ಜಿ ಹಾಕುವ ಮುಂಚೆಯೇ ಎಲ್ಲ ದಾಖಲೆಯಲ್ಲೂ ಒಂದೇ ಹೆಸರು ಮಾಡಿಸಿಕೊಳ್ಳಿ. ನನ್ನ ತಂಗಿಗೆ ಇದೊಂದಕ್ಕೇ ಎರಡು ತಿಂಗಳು ಹಿಡೀತು.

ಹಂತ 2: ಇಂಗ್ಲಿಷ್

ಐಇಎಲ್‌ಟಿಎಸ್ ಅಕಾಡೆಮಿಕ್ ಪರೀಕ್ಷೆಯಲ್ಲಿ ಓದು, ಕೇಳುವಿಕೆ, ಮಾತು ಮೂರರಲ್ಲೂ 7, ಬರವಣಿಗೆಯಲ್ಲಿ 6.5 ಬರಬೇಕು, ಒಟ್ಟಾರೆ 7 ಇರಬೇಕು. ಅದು ಬೇಡ ಅಂದರೆ ಆಸ್ಪತ್ರೆಯ ಸಂದರ್ಭಗಳನ್ನೇ ಇಟ್ಟುಕೊಂಡ ಒಇಟಿ ಇದೆ: ಮೂರರಲ್ಲಿ ಬಿ ಗ್ರೇಡ್, ಬರವಣಿಗೆಯಲ್ಲಿ ಸಿ ಪ್ಲಸ್. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಹೆಚ್ಚಾಗಿ ಮುಗ್ಗರಿಸೋದು ಇಲ್ಲೇ. ಹತ್ತು ವರ್ಷ ವಾರ್ಡ್‌ನಲ್ಲಿ ಪಳಗಿದವರೂ ಅರ್ಧ ಅಂಕಕ್ಕೆ ಸಿಕ್ಕಿಹಾಕಿಕೊಳ್ತಾರೆ.

2023ರ ಫೆಬ್ರವರಿಯಲ್ಲಿ ಎನ್‌ಎಂಸಿ ಈ ನಿಯಮವನ್ನು ಸ್ವಲ್ಪ ಸಡಿಲಿಸಿತು. 12 ತಿಂಗಳೊಳಗಿನ ಎರಡು ಪರೀಕ್ಷೆಗಳ ಅಂಕ ಸೇರಿಸಬಹುದು, ಆದರೆ ಯಾವ ವಿಭಾಗವೂ ತೀರಾ ಕೆಳಗೆ ಹೋಗಿರಬಾರದು. ಬ್ರಿಟನ್‌ನ ಆರೋಗ್ಯ ಅಥವಾ ಆರೈಕೆ ಕ್ಷೇತ್ರದಲ್ಲಿ ಆಗಲೇ ಒಂದು ವರ್ಷ ದುಡಿದು, ಸ್ವಲ್ಪದರಲ್ಲೇ ಅಂಕ ತಪ್ಪಿದವರಿಗೆ ಉದ್ಯೋಗದಾತರೇ ಭಾಷೆಯ ಬಗ್ಗೆ ಸಾಕ್ಷ್ಯ ಕೊಡಬಹುದು. ಈ ಬದಲಾವಣೆ ಮೇಲಿಂದ ಉದುರಿದ ಕರುಣೆಯಲ್ಲ. ನರ್ಸಿಂಗ್ ಓದಿಯೂ ಅಲ್ಲಿ ಕೇರ್ ಅಸಿಸ್ಟೆಂಟ್‌ಗಳಾಗೇ ಉಳಿದಿದ್ದ ಭಾರತೀಯರು ಸಂಘಟಿತರಾಗಿ ಕೇಳಿದ್ದರ ಪಾಲೂ ಇದರಲ್ಲಿದೆ.

ಹಂತ 3: ಕಂಪ್ಯೂಟರ್ ಪರೀಕ್ಷೆ

ಇದರ ಹೆಸರು ಸಿಬಿಟಿ. ಭಾರತದಲ್ಲೇ ಬರೆಯಬಹುದು. ಮೊದಲ ಭಾಗದಲ್ಲಿ ಔಷಧಿ ಪ್ರಮಾಣದಂಥ ಲೆಕ್ಕದ 15 ಪ್ರಶ್ನೆ, ಅರ್ಧ ಗಂಟೆ. ಎರಡನೇ ಭಾಗದಲ್ಲಿ 100 ಬಹು ಆಯ್ಕೆಯ ಪ್ರಶ್ನೆ, ಎರಡೂವರೆ ಗಂಟೆ. ಇದು ಪಾಸಾಗಿ, ಎನ್‌ಎಂಸಿ ಅರ್ಜಿಯನ್ನು ಒಪ್ಪಿದ ಮೇಲೆ ಕೆಲಸ ಕೊಡುವ ಆಸ್ಪತ್ರೆ ಪ್ರಾಯೋಜಕತ್ವದ ಪತ್ರ ಕೊಡುತ್ತೆ, ಅದರ ಮೇಲೆ ವೀಸಾ.

ಹಂತ 4: ಓಎಸ್‌ಸಿಇ

ಇದು ಬ್ರಿಟನ್‌ಗೆ ಹೋಗಿಯೇ ಕೊಡಬೇಕಾದ ಪ್ರಾಯೋಗಿಕ ಪರೀಕ್ಷೆ. ಒಟ್ಟು ಹತ್ತು ಸ್ಟೇಷನ್. ನಾಲ್ಕರಲ್ಲಿ ಒಬ್ಬ ರೋಗಿಯ ತಪಾಸಣೆ, ಆರೈಕೆಯ ಯೋಜನೆ, ಅದರ ಜಾರಿ, ಮೌಲ್ಯಮಾಪನ. ನಾಲ್ಕರಲ್ಲಿ ಕೈಕೆಲಸದ ಕೌಶಲ. ಉಳಿದ ಎರಡು ಬರೆಯುವಂಥವು.

ತಂಗಿ ಅಲ್ಲಿಂದ ವಿಡಿಯೊ ಕಾಲ್ ಮಾಡಿ ಅಭ್ಯಾಸ ಮಾಡುವಾಗ ನಾನೇ ರೋಗಿ. ಡ್ರಿಪ್ ಹಾಕೋದು, ಸೂಜಿ ಚುಚ್ಚೋದು ಅವಳಿಗೆ ನೀರು ಕುಡಿದಷ್ಟು ಸಲೀಸು. ಅವಳು ಎಡವುತ್ತಿದ್ದದ್ದು ಮಾತಿನಲ್ಲಿ. ನಮ್ಮ ವಾರ್ಡ್‌ಗಳಲ್ಲಿ ರೋಗಿಯನ್ನು ಬಿಟ್ಟು ಪಕ್ಕದಲ್ಲಿ ನಿಂತ ಮನೆಯವರ ಜೊತೆ ಮಾತಾಡೋದೇ ರೂಢಿ. ಅಲ್ಲಿ ಪ್ರತಿ ಹೆಜ್ಜೆಗೂ ರೋಗಿಯನ್ನೇ ಕೇಳಬೇಕು, ಏನು ಮಾಡ್ತಿದೀನಿ ಅಂತ ಹೇಳಬೇಕು, ಒಪ್ಪಿಗೆ ಪಡೀಬೇಕು. ಮೊದಲ ಸಲ ಅವಳು ಎರಡು ಸ್ಟೇಷನ್‌ನಲ್ಲಿ ಫೇಲಾದಳು. ಅವೆರಡನ್ನೇ ಮತ್ತೆ ಕೊಟ್ಟು ಪಾಸಾದಳು. ಒಂದು ಅರ್ಜಿಗೆ ಮೂರು ಅವಕಾಶ ಇರುತ್ತೆ.

ಆದರೆ ಗಡಿಯಾರ ಓಡುತ್ತಿರುತ್ತೆ. ವೀಸಾ ನಿಯಮದ ಪ್ರಕಾರ ಕೆಲಸ ಶುರುವಾದ 12 ವಾರದೊಳಗೆ ಮೊದಲ ಪ್ರಯತ್ನ, ಎಂಟು ತಿಂಗಳೊಳಗೆ ಪಾಸು. ಅಲ್ಲಿಯವರೆಗೆ ಸರಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಬ್ಯಾಂಡ್ 3 ಅಥವಾ 4ರ ಸಂಬಳ. ನರ್ಸ್‌ನ ಬ್ಯಾಂಡ್ 5 ಬರುವುದು ಪಿನ್ ಸಿಕ್ಕ ಮೇಲೆ.

ಈಗ ಬಿಲ್ ನೋಡೋಣ

ನಾನು ನೋಡಿದಾಗಿನ ಶುಲ್ಕ ಹೀಗಿತ್ತು: ಸಿಬಿಟಿಗೆ 83 ಪೌಂಡ್, ಅರ್ಜಿ ಪರಿಶೀಲನೆಗೆ 140, ಓಎಸ್‌ಸಿಇಗೆ 794, ಕೊನೆಯ ನೋಂದಣಿಗೆ 153. ಒಟ್ಟು 1,170 ಪೌಂಡ್. ಪೌಂಡಿಗೆ 110 ರೂಪಾಯಿ ಹಿಡಿದರೆ ಸುಮಾರು 1.29 ಲಕ್ಷ. ಶುಲ್ಕ ಬದಲಾಗುತ್ತಿರುತ್ತೆ, ಕಟ್ಟುವ ಮುಂಚೆ ಎನ್‌ಎಂಸಿ ಸೈಟ್‌ನಲ್ಲೇ ನೋಡಿಕೊಳ್ಳಿ. ಇದರಲ್ಲಿ ವಿಮಾನ ಹತ್ತುವ ಮುಂಚೆ ಎನ್‌ಎಂಸಿ ಲೆಕ್ಕಕ್ಕೆ ಬೇಕಾದ್ದು 223 ಪೌಂಡ್, ಅಂದರೆ 25 ಸಾವಿರದ ಆಸುಪಾಸು. ಇಂಗ್ಲಿಷ್ ಪರೀಕ್ಷೆ ಮತ್ತು ವೀಸಾ ಇದರ ಮೇಲೆ. ಓಎಸ್‌ಸಿಇ ಖರ್ಚನ್ನು ಅನೇಕ ಸರಕಾರಿ ಆಸ್ಪತ್ರೆಗಳು ತಾವೇ ಹೊರುತ್ತವೆ.

ಹಾಗಾದರೆ ನಾಲ್ಕೂವರೆ ಲಕ್ಷ ಯಾತಕ್ಕೆ? ಕಾನೂನು ಏನು ಹೇಳುತ್ತೆ ನೋಡಿ. ಭಾರತದ ವಲಸೆ ನಿಯಮಗಳಂತೆ ಪರವಾನಗಿ ಇರುವ ಏಜೆಂಟ್ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಪರವಾನಗಿ ಇದೆಯಾ ಅನ್ನೋದನ್ನು ಕೇಂದ್ರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಬ್ರಿಟನ್‌ನಲ್ಲಂತೂ ಕೆಲಸ ಹುಡುಕಿಕೊಟ್ಟಿದ್ದಕ್ಕೆ ಕೆಲಸಗಾರರಿಂದ ಹಣ ಕೇಳುವುದನ್ನು 1973ರ ಉದ್ಯೋಗ ಏಜೆನ್ಸಿ ಕಾಯ್ದೆ ನಿಷೇಧಿಸುತ್ತೆ.

ಇನ್ನೊಂದು ಎಚ್ಚರ ಕರಾರಿನದು. ಎರಡು ಮೂರು ವರ್ಷದೊಳಗೆ ಕೆಲಸ ಬಿಟ್ಟರೆ ನೇಮಕಾತಿಯ ಖರ್ಚು ವಾಪಸ್ ಕೊಡಬೇಕು ಎಂಬ ಷರತ್ತು ಹಲವು ಕಡೆ ಇರುತ್ತೆ. ಅಂಥ ಷರತ್ತು ಪಾರದರ್ಶಕವಾಗಿರಬೇಕು, ನಿಜವಾದ ಖರ್ಚಿಗೆ ತಕ್ಕಂತೆ ಇರಬೇಕು ಅಂತ ಬ್ರಿಟನ್ ಸರಕಾರದ ನೇಮಕಾತಿ ಸಂಹಿತೆಯೇ ಹೇಳುತ್ತೆ. ಮೊತ್ತ ಎಷ್ಟು, ಪ್ರತಿ ತಿಂಗಳು ಎಷ್ಟು ಕಡಿಮೆಯಾಗುತ್ತೆ ಅಂತ ಸಹಿಗೆ ಮುಂಚೆ ಬರಹದಲ್ಲೇ ಕೇಳಿ.

ಇವರು ಯಾಕೆ ಹೋಗ್ತಾರೆ?

‘ಇಲ್ಲಿ ಓದಿ ಅಲ್ಲಿ ಸೇವೆ ಮಾಡ್ತಾರೆ’ ಅಂತ ಮೂಗು ಮುರಿಯುವವರಿಗೆ ಒಂದು ಮಾತು. ಸುಪ್ರೀಂ ಕೋರ್ಟ್ ಆದೇಶದ ಮೇಲೆ ಕೇಂದ್ರ ನೇಮಿಸಿದ ಸಮಿತಿ 2016ರಲ್ಲಿ ಶಿಫಾರಸು ಮಾಡಿದ್ದು ಇದು: 50 ಹಾಸಿಗೆಗಿಂತ ಕಡಿಮೆ ಇರುವ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ಕನಿಷ್ಠ 20,000 ರೂಪಾಯಿ, 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರಕಾರಿ ನರ್ಸ್‌ಗೆ ಸಮನಾದ ಸಂಬಳ. ನಿಮ್ಮ ಊರಿನ ನರ್ಸಿಂಗ್ ಹೋಮ್‌ನಲ್ಲಿ ಈಗ ಎಷ್ಟು ಕೊಡ್ತಾರೆ ಅಂತ ಒಮ್ಮೆ ಕೇಳಿ ನೋಡಿ.

ಹಾಗಂತ ಬ್ರಿಟನ್ ಸ್ವರ್ಗವೂ ಅಲ್ಲ. ಅಲ್ಲಿ ವಿದೇಶಿ ನರ್ಸ್‌ಗಳ ನೇಮಕಾತಿ 2024ರ ನಂತರ ಜೋರಾಗಿ ಇಳಿದಿದೆ. 2025ರ ಮೇ ತಿಂಗಳ ಶ್ವೇತಪತ್ರ ಕಾಯಂ ವಾಸಕ್ಕೆ ಸಾಮಾನ್ಯ ಅವಧಿಯನ್ನು ಐದರಿಂದ ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾಪ ಇಟ್ಟಿತು. ‘ಗ್ಯಾರಂಟಿ ಕೆಲಸ’ ಅನ್ನುವ ಏಜೆಂಟ್ ಇದನ್ನು ಹೇಳೋದಿಲ್ಲ.

ಕೇರಳದಲ್ಲಿ ನೋರ್ಕಾ, ಒಡೆಪೆಕ್‌ನಂಥ ಸರಕಾರಿ ಸಂಸ್ಥೆಗಳು ವರ್ಷಗಳಿಂದ ನರ್ಸ್‌ಗಳನ್ನು ವಿದೇಶಕ್ಕೆ ಕಳಿಸುತ್ತಿವೆ. ನಮ್ಮಲ್ಲೂ ರಾಜ್ಯದ ಕೌಶಲ್ಯ ಅಭಿವೃದ್ಧಿ ನಿಗಮದಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ. ಆದರೆ ನನ್ನ ತಂಗಿಗೆ ಅದರ ಹೆಸರು ಗೊತ್ತಾಗಿದ್ದು ನನ್ನಿಂದ, ಏಜೆಂಟನ ಹೆಸರು ಗೊತ್ತಾಗಿದ್ದು ಕಾಲೇಜಿನ ನೋಟಿಸ್ ಬೋರ್ಡ್‌ನಿಂದ. ಪ್ರತಿ ನರ್ಸಿಂಗ್ ಕಾಲೇಜಿನ ಅದೇ ಬೋರ್ಡ್ ಮೇಲೆ ಕನ್ನಡದಲ್ಲಿ ಒಂದು ಪುಟ ಹಚ್ಚಬೇಕು: ಹಂತಗಳು, ಶುಲ್ಕ, 30,000ದ ಮಿತಿ, ದೂರು ಕೊಡುವ ಜಾಗ. ಕೌನ್ಸಿಲ್‌ನ ದೃಢೀಕರಣಕ್ಕೆ ದಿನಗಳ ಗಡುವು ಇರಬೇಕು. ಇದಕ್ಕೆ ಹೊಸ ಕಾನೂನು ಬೇಡ, ಬಜೆಟ್ಟೂ ಬೇಡ. ವಿದ್ಯಾರ್ಥಿ ಸಂಘಟನೆಗಳು ನಾಳೆಯೇ ಕೇಳಬಹುದು.

ತಂಗಿ ಆ ಮುಂಗಡ ಕಟ್ಟಲಿಲ್ಲ. ಈಗ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನೈಟ್ ಶಿಫ್ಟ್ ಮಾಡ್ತಾಳೆ. ತೋಟ ಚಿಕ್ಕಪ್ಪನ ಹೆಸರಲ್ಲೇ ಇದೆ. ಜೂನಿಯರ್‌ಗಳು ಮೆಸೇಜ್ ಮಾಡಿದಾಗಲೆಲ್ಲ ನಾವಿಬ್ಬರೂ ಸೇರಿ ಬಿಡಿಸಿದ ಆ ಬಿಲ್ಲನ್ನು ಅವಳು ಕಳಿಸ್ತಾಳೆ. ನೀವೂ ಕಳಿಸಿ.