ಗೌರವಧನದ ಲೆಕ್ಕ: ಕರ್ನಾಟಕದ ಅಂಗನವಾಡಿಯ ಅರ್ಧ ಶತಮಾನ

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಪ್ರಾಯೋಗಿಕವಾಗಿ ಶುರುವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಮಕ್ಕಳನ್ನು ದೇಶದ ಅತಿ ಮುಖ್ಯ ಸಂಪತ್ತೆಂದು ಸಾರಿದ ರಾಷ್ಟ್ರೀಯ ಮಕ್ಕಳ ನೀತಿ ಬಂದು ಆಗಿನ್ನೂ ವರ್ಷ ಕಳೆದಿತ್ತಷ್ಟೆ. ಊಟ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ, ಆಟಪಾಠ ಎಂಬ ಆರು ಸೇವೆಗಳು ಒಂದೇ ಸೂರಿನಡಿ ಸಿಗಬೇಕೆಂಬುದು ಯೋಜನೆಯ ಆಶಯ. ಆ ಸೂರಿನಡಿ ಕೂರುವವಳು ಅದೇ ಊರಿನ ಹೆಣ್ಣುಮಗಳು. ಮೆಟ್ರಿಕ್ ಪಾಸಾಗಿದ್ದರೆ ಆಕೆಗೆ ತಿಂಗಳಿಗೆ 150 ರೂಪಾಯಿ, ಇಲ್ಲದಿದ್ದರೆ 100. ಸಹಾಯಕಿಗೆ 35. ಸರ್ಕಾರ ಈ ಹಣವನ್ನು ಸಂಬಳ ಎನ್ನಲಿಲ್ಲ, ಗೌರವಧನ ಎಂದಿತು.

ಅಂಗನವಾಡಿಯ ಚರಿತ್ರೆಯನ್ನು ಸಾಮಾನ್ಯವಾಗಿ ಯೋಜನೆಗಳ ಹೆಸರುಪಟ್ಟಿಯಾಗಿ ಬರೆಯುತ್ತಾರೆ. ನನಗೆ ಅದು ಈ ಒಂದು ಪದದ ಚರಿತ್ರೆಯಾಗಿ ಕಾಣುತ್ತದೆ.

ಹೆಸರಿನ ಮೂಲ ಮಹಾರಾಷ್ಟ್ರದಲ್ಲಿದೆ. ಶಿಕ್ಷಣತಜ್ಞ ಗಿಜುಭಾಯಿ ಬಧೇಕಾ ಅವರೊಡನೆ ಭಾವನಗರದ ಬಾಲಮಂದಿರದಲ್ಲಿ ದುಡಿದಿದ್ದ ತಾರಾಬಾಯಿ ಮೋಡಕ್ 1945ರ ಸುಮಾರಿಗೆ ಬೋರ್ಡಿ ಎಂಬ ಹಳ್ಳಿಯಲ್ಲಿ ಕೆಲಸ ಆರಂಭಿಸಿದರು. ಕರೆದರೂ ಬಾರದ ಬಡಮಕ್ಕಳಿದ್ದಲ್ಲಿಗೇ ಹೋಗಿ ಅವರ ಮನೆಯಂಗಳದಲ್ಲಿ ಕೂತು ಕಲಿಸಿದರು. ಅಂಗಣದಲ್ಲಿ ನಡೆದದ್ದು ಅಂಗನವಾಡಿಯಾಯಿತು. ನಮ್ಮ ‘ಅಂಗಳ’ಕ್ಕೂ ಅದಕ್ಕೂ ನಂಟಿರುವುದರಿಂದ ಪದ ಕನ್ನಡದ ಬಾಯಿಗೆ ಸಲೀಸಾಗಿ ಕೂತಿತು. ಕರ್ನಾಟಕಕ್ಕೂ ಈ ಬಗೆಯ ಕೆಲಸ ಹೊಸದಾಗಿರಲಿಲ್ಲ. ಆರ್. ಕಲ್ಯಾಣಮ್ಮ 1938ರಲ್ಲೇ ಬೆಂಗಳೂರಿನಲ್ಲಿ ಮಕ್ಕಳ ಕೂಟ ಕಟ್ಟಿದ್ದರು. ಅವೆಲ್ಲ ಸೇವಾಮನೋಭಾವದಿಂದ ಹುಟ್ಟಿದ ಸಂಸ್ಥೆಗಳು. ಆ ಸೇವೆಯ ಭಾಷೆಯನ್ನು ಸರ್ಕಾರ ಹಾಗೆಯೇ ಎತ್ತಿಕೊಂಡು ತನ್ನ ಖರ್ಚಿನ ಲೆಕ್ಕಕ್ಕೆ ಹೊಂದಿಸಿಕೊಂಡಿತು ಎಂಬುದು ನನ್ನ ಅನುಮಾನ.

ಬೆಳಿಗ್ಗೆ ಹತ್ತಕ್ಕೆ ಯಾವುದಾದರೂ ಅಂಗನವಾಡಿಗೆ ಹೋಗಿ ಕೂತರೆ ಈ ‘ಸೇವೆ’ಯ ತೂಕ ಗೊತ್ತಾಗುತ್ತದೆ. ನಾನು ಹೋದ ದಿನ ಬಾಗಿಲ ಮೇಲಿನ ತೊಲೆಗೆ ತಕ್ಕಡಿ ಕಟ್ಟಿದ್ದರು. ಬಟ್ಟೆಯ ಜೋಲಿಯಲ್ಲಿ ಕೂತ ಮಗು ಕಾಲು ಜಾಡಿಸಿದಂತೆಲ್ಲ ಮುಳ್ಳು ಒಂಬತ್ತರಿಂದ ಹತ್ತಕ್ಕೆ, ಹತ್ತರಿಂದ ಒಂಬತ್ತಕ್ಕೆ ಓಲಾಡುತ್ತಿತ್ತು. ಟೀಚರ್ ಒಂದು ಕೈಯಲ್ಲಿ ಜೋಲಿ ಹಿಡಿದು, ಮುಳ್ಳು ನಿಂತ ಗಳಿಗೆ ನೋಡಿ, ಇನ್ನೊಂದು ಕೈಯಿಂದ ಚಾರ್ಟಿನಲ್ಲಿ ಚುಕ್ಕಿ ಇಟ್ಟರು. ಹಸಿರು ಪಟ್ಟಿಯಿಂದ ಹಳದಿಗೆ ಜಾರಿತ್ತು. “ಹೋದ ತಿಂಗಳು ಜ್ವರ ಬಂದಿತ್ತಲ್ಲ, ಅದಕ್ಕೇ,” ಎಂದು ಅಜ್ಜಿ ಸಮಜಾಯಿಷಿ ಕೊಟ್ಟಳು. ಒಳಗೆ ಕುಕ್ಕರ್ ಕೂಗಿತು. ರಾಜ್ಯದ ಅಪೌಷ್ಟಿಕತೆಯ ಅಂಕಿಅಂಶ ಹುಟ್ಟುವುದು ಇಂಥ ಚುಕ್ಕಿಗಳಿಂದಲೇ.

ಮೊದಲ ಕಾಲು ಶತಮಾನ ಯೋಜನೆ ಹಬ್ಬಿದ್ದು ನಿಧಾನವಾಗಿ, ಅದೂ ಸರ್ಕಾರದ ಮರ್ಜಿಯಂತೆ. ತಿರುವು ಬಂದದ್ದು 2001ರಲ್ಲಿ. ಬರಗಾಲದ ನಡುವೆ ಆಹಾರ ನಿಗಮದ ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿತ್ತು. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಆ ವರ್ಷದ ನವೆಂಬರ್ 28ರ ಆದೇಶ ಪ್ರತಿ ಜನವಸತಿಗೂ ಅಂಗನವಾಡಿ ಇರಬೇಕೆಂದಿತು. 2006ರ ಡಿಸೆಂಬರ್ 13ರ ಆದೇಶ ಇನ್ನೂ ಮುಂದೆ ಹೋಯಿತು: ದೇಶದಲ್ಲಿ 14 ಲಕ್ಷ ಕೇಂದ್ರಗಳಾಗಬೇಕು, ಆರು ವರ್ಷದೊಳಗಿನ 40 ಮಕ್ಕಳಿದ್ದು ಊರವರು ಕೇಳಿದರೆ ಮೂರು ತಿಂಗಳೊಳಗೆ ಅಂಗನವಾಡಿ ತೆರೆಯಬೇಕು.

ಇಲ್ಲಿ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಅದಕ್ಕೆ ಆರೇ ದಿನ ಮುಂಚೆ, ಡಿಸೆಂಬರ್ 7ರಂದು, ಅದೇ ನ್ಯಾಯಾಲಯ ಕರ್ನಾಟಕದ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ಮೇಲ್ಮನವಿ ಹೋಗಿದ್ದು ನಮ್ಮ ರಾಜ್ಯ ಸರ್ಕಾರವೇ. ಅಂಗನವಾಡಿ ಕಾರ್ಯಕರ್ತೆಯ ಹುದ್ದೆ ಸಿವಿಲ್ ಹುದ್ದೆಯೇ, ಆಕೆ ರಾಜ್ಯ ಆಡಳಿತ ನ್ಯಾಯಮಂಡಳಿಗೆ ದೂರು ಒಯ್ಯಬಹುದೇ ಎಂಬುದು ಪ್ರಶ್ನೆ. ಹುದ್ದೆ ಯಾವ ಶಾಸನದಿಂದಲೂ ಹುಟ್ಟಿದ್ದಲ್ಲ, ಯೋಜನೆಯೊಂದರ ಭಾಗ ಮಾತ್ರ, ಆದ್ದರಿಂದ ಸಿವಿಲ್ ಹುದ್ದೆಯಲ್ಲ ಎಂದು ಸರ್ಕಾರದ ಪರ ತೀರ್ಪಾಯಿತು. ಒಂದೇ ವಾರದಲ್ಲಿ ಅಂಗನವಾಡಿ ಮಗುವಿನ ಹಕ್ಕಾಯಿತು, ಅದನ್ನು ನಡೆಸುವವಳ ಕೆಲಸ ಮಾತ್ರ ಯೋಜನೆಯ ಕಡತದಲ್ಲೇ ಉಳಿಯಿತು. ಮಕ್ಕಳ ಹಕ್ಕಿಗಾಗಿ ಹೋರಾಡಿದವರು ಮತ್ತು ಕಾರ್ಯಕರ್ತೆಯರ ಸಂಘಟನೆಗಳು ಬಹುಕಾಲ ಬೇರೆಬೇರೆ ದಾರಿಯಲ್ಲಿ ನಡೆದದ್ದನ್ನು ನೆನೆದರೆ, ಈ ಎರಡು ತೀರ್ಪುಗಳನ್ನು ಒಟ್ಟಿಗೆ ಓದಿದವರು ಕಡಿಮೆ ಎಂಬುದು ಆಶ್ಚರ್ಯವಲ್ಲ.

ಕೆಲಸವಂತೂ ಏರುತ್ತಲೇ ಹೋಯಿತು. 2011ರಲ್ಲಿ ರಾಯಚೂರಿನ ಅಪೌಷ್ಟಿಕ ಮಕ್ಕಳ ಸುದ್ದಿ ಹೈಕೋರ್ಟಿನವರೆಗೆ ಹೋಗಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ ವರದಿ ಕೊಟ್ಟಿತು. 2013ರ ಆಗಸ್ಟ್ 1ರಂದು ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಬಂತು. ಹಾಲಿನ ಪುಡಿ ಕಲಸುವುದು, ಕಾಯಿಸುವುದು, ಲೋಟ ತೊಳೆಯುವುದು ದಿನಚರಿಗೆ ಸೇರಿದವು. 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ರಾಜ್ಯವಿಡೀ ಜಾರಿಯಾಯಿತು. ಗರ್ಭಿಣಿ ಬಾಣಂತಿಯರು ಕೇಂದ್ರಕ್ಕೇ ಬಂದು ಬಿಸಿಯೂಟ ಮಾಡಬೇಕು. ಮನೆಗೆ ಕೊಟ್ಟ ದವಸ ಮನೆಮಂದಿಯೆಲ್ಲ ಹಂಚಿ ತಿನ್ನುತ್ತಾರೆ, ತಾಯಿಗೆ ದಕ್ಕುವುದಿಲ್ಲ ಎಂಬುದು ಇದರ ಹಿಂದಿನ ತರ್ಕ, ಸರಿಯಾದ ತರ್ಕವೇ. ಆದರೆ ಕೂಲಿಗೆ ಹೋದವಳು ಮಧ್ಯಾಹ್ನ ಹೊಲ ಬಿಟ್ಟು ಹೇಗೆ ಬಂದಾಳು? ಹಸಿ ಬಾಣಂತಿಯನ್ನು ಅತ್ತೆ ಹೊಸಿಲು ದಾಟಿಸುತ್ತಾಳೆಯೇ? ಮಲೆನಾಡಿನ ಒಂಟಿಮನೆಗಳಿಂದ ಕೇಂದ್ರ ಎಷ್ಟು ದೂರ? ಹಾಜರಾತಿ ಕಡಿಮೆಯಾದರೆ ಈ ಪ್ರಶ್ನೆಗಳಿಗೆಲ್ಲ ಮೇಲ್ವಿಚಾರಕಿಯ ಮುಂದೆ ಉತ್ತರ ಹೇಳಬೇಕಾದವಳು ಕಾರ್ಯಕರ್ತೆ. ಇಷ್ಟೆಲ್ಲ ಆದ ಮೇಲೂ ರಾಜ್ಯದಲ್ಲಿ ಐದು ವರ್ಷದೊಳಗಿನ ಕುಂಠಿತ ಬೆಳವಣಿಗೆಯ ಮಕ್ಕಳ ಪ್ರಮಾಣ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 2015-16ರ ಶೇ 36.2ರಿಂದ 2019-21ರಲ್ಲಿ ಶೇ 35.4ಕ್ಕೆ ಇಳಿಯಿತು, ಅಷ್ಟೆ.

2017ರ ಮಾರ್ಚ್‌ನಲ್ಲಿ ಸಾವಿರಾರು ಕಾರ್ಯಕರ್ತೆಯರು ಬೆಂಗಳೂರಿನ ರಸ್ತೆಯಲ್ಲೇ ಹಗಲುರಾತ್ರಿ ಕೂತರು. ಗೌರವಧನ ಏರಿತು. 2018ರಲ್ಲಿ ಕೇಂದ್ರ ಸರ್ಕಾರ ತನ್ನ ಪಾಲನ್ನು 3,000ದಿಂದ 4,500ಕ್ಕೆ ಏರಿಸಿತು. ಮೊತ್ತ ಬದಲಾದರೂ ಪದ ಬದಲಾಗಲಿಲ್ಲ.

ಪದವನ್ನು ಅಲುಗಾಡಿಸಿದ್ದು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ. ಗರ್ಭಿಣಿಯರಿಗೂ ಆರು ವರ್ಷದೊಳಗಿನ ಮಕ್ಕಳಿಗೂ ಸ್ಥಳೀಯ ಅಂಗನವಾಡಿಯ ಮೂಲಕ ಊಟ ಕೊಡಬೇಕೆಂದು ಅದು ಬರೆದಿಟ್ಟಿತು. ಅಂದರೆ ಅಂಗನವಾಡಿ ಶಾಸನದೊಳಗೆ ಬಂತು. ಗುಜರಾತಿನ ಪ್ರಕರಣವೊಂದರಲ್ಲಿ 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್ ಈ ಎಳೆಯನ್ನೇ ಹಿಡಿಯಿತು: ಹುದ್ದೆಗೆ ಈಗ ಶಾಸನದ ಆಧಾರವಿದೆ, 2006ರ ತೀರ್ಪು ಈ ಕಾಯ್ದೆಗಿಂತ ಹಿಂದಿನದು, ಗೌರವಧನವೂ ವೇತನವೇ, ಹಾಗಾಗಿ 1972ರ ಕಾಯ್ದೆಯಂತೆ ಕಾರ್ಯಕರ್ತೆಗೂ ಸಹಾಯಕಿಗೂ ಗ್ರಾಚ್ಯುಟಿ ಸಲ್ಲಬೇಕು. 2006ರಲ್ಲಿ ಕರ್ನಾಟಕ ಗೆದ್ದುಕೊಂಡ ವಾದ ಹೀಗೆ ಕಾಯ್ದೆಯ ಮುಂದೆ ಸೊರಗಿತು.

ಈಗ ರಾಜ್ಯದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಇಲ್ಲಿ ಕಾರ್ಯಕರ್ತೆಯ ಕೆಲಸ 60ಕ್ಕೆ ಮುಗಿಯುತ್ತದೆ. 1975ರ ಆ ಅಕ್ಟೋಬರ್‌ನಲ್ಲಿ ಇಪ್ಪತ್ತರ ಹರೆಯದಲ್ಲಿ ಸೇರಿದವಳು 2015ಕ್ಕೇ ರಿಜಿಸ್ಟರುಗಳನ್ನು ಒಪ್ಪಿಸಿ ಮನೆಗೆ ಹೋಗಿದ್ದಳು. ಗೌರವಧನವೂ ವೇತನವೇ ಎಂದು ನ್ಯಾಯಾಲಯ ಹೇಳಿದ ದಿನ ಅವಳಿಗೆ 67 ವರ್ಷ.